ಬೂದಿ ಬೆರೆಸಿದ ರಾಗಿ

ಬೈರಮಂಗಲದ ಚಿಕ್ಕಲಕ್ಷ್ಮಮ್ಮ ಏನು ಅಡುಗೆ ಮಾಡಲಿ ಎಂದು ಮನೆಯಲ್ಲಿ ಯಾರನ್ನೂ ಕೇಳಿದವಳಲ್ಲ. ಕೇಳುತ್ತಿದ್ದುದು ಮಡಕೆಗಳನ್ನು. ಭಾನುವಾರ ಬೆಳಿಗ್ಗೆ ಒಂದೊಂದಕ್ಕೂ ಕೈ ಇಳಿಸಿ, ತಳ ಎಲ್ಲಿ ತಗಲುತ್ತದೆಂದು ನೋಡಿ, ವಾರದ ಊಟವನ್ನು ಅಲ್ಲೇ ತೀರ್ಮಾನಿಸುವಳು. ಹುರುಳಿ ಇದ್ದರೆ ಸೋಮವಾರ ಬಸ್ಸಾರು. ಅದೇ ಸಾರು ಮಾರನೆಯ ದಿನ ಕುದಿದು ಇನ್ನಷ್ಟು ರುಚಿಯಾಗುವುದು. ಬುಧವಾರ ಬೇಲಿಯ ಸೊಪ್ಪು. ಅಲ್ಲಿಂದಾಚೆಗೆ ಒಣಗಿದ ಅವರೆ ಎಷ್ಟಿದೆಯೋ ಅಷ್ಟು.

ಮೂಲೆಯ ಮಡಕೆಯೊಂದಕ್ಕೆ ಮಾತ್ರ ಕೈ ಇಳಿಯುತ್ತಿರಲಿಲ್ಲ. ಹುಳ ಬೀಳದಂತೆ ಬೂದಿ, ಲಕ್ಕಿಸೊಪ್ಪು ಬೆರೆಸಿ ಬಟ್ಟೆಯಿಂದ ಬಾಯಿ ಕಟ್ಟಿದ ಬಿತ್ತನೆ ರಾಗಿ ಅದು. ಮನೆಯಲ್ಲಿದ್ದರೂ ಊಟವಲ್ಲ. ಅತ್ತೆಯ ಕಾಲದಲ್ಲಿ ಒಂದು ವರ್ಷ ಎಲ್ಲರೂ ಬರೀ ಸೊಪ್ಪು ಬೇಯಿಸಿಕೊಂಡು ತಿಂದಿದ್ದರು; ಆಗಲೂ ಆ ಬಟ್ಟೆ ಬಿಚ್ಚಿರಲಿಲ್ಲ.

ಅವರ ಹೊಲ ಕಾರ್ಖಾನೆಗೆ ಹೋಗಿ ಎರಡು ವರ್ಷ. ತಾರಸಿ ಮನೆ ಎದ್ದಿತು, ಗ್ಯಾಸು ಬಂತು. ಕಡೆಯ ಬೆಳೆಯ ರಾಗಿಯನ್ನು ಅವಳು ಎಳೆದೆಳೆದು ಈ ಮುಂಗಾರಿನವರೆಗೆ ತಂದಿದ್ದಳು. ಹಗಲಿಗೆ ಪಡಿತರದ ಅಕ್ಕಿ, ರಾತ್ರಿಗೆ ಮಾತ್ರ ಮುದ್ದೆ, ಅದೂ ಮುಷ್ಟಿಯಷ್ಟು.

"ಇದೇನು ಮುದ್ದೆ ಕಟ್ಟಿದ್ದೀಯೋ, ಗೋಲಿ ಕಟ್ಟಿದ್ದೀಯೋ? ಅಂಗ್ಡೀಲಿ ರಾಗಿ ಸಿಗಾಕಿಲ್ವಾ?" ಎಂದು ಗಂಡ ಮುನಿಯಪ್ಪ ಕಿಚಾಯಿಸುವನು.

"ರಾಗಿ ಕೊಂಡು ಉಣ್ಣೋ ಮನೇಗೆ ನಾನು ಬಂದಿಲ್ಲ ಕಣಿ."

ಆ ಹಟಕ್ಕೆ ಕಾರಣವಿತ್ತು. ನೆರೆಯ ವೆಂಕಟಯ್ಯ ತನ್ನ ಅರ್ಧ ಎಕರೆಯನ್ನು ಈ ಸಲ ಪಾಲಿಗೆ ಕೊಡುತ್ತೇನೆಂದಿದ್ದ. ಬೀಜ ಅವಳದು, ದುಡಿಮೆ ಅವಳದು, ಬೆಳೆ ಇಬ್ಬರದು. ಮಡಕೆಯಿಂದ ಚಿಟಿಕೆ ರಾಗಿ ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಳು. ಮೂರನೆಯ ದಿನ ಬಿಚ್ಚಿದಾಗ ಬಿಳಿ ಮೊಳಕೆ ಒಡೆದಿತ್ತು. ಸೊಸೆ ಲತಾಮಣಿಯನ್ನು ಕರೆದು ತೋರಿಸಿದಳು. "ನೋಡವ್ವ, ಒಂದೂ ಸತ್ತಿಲ್ಲ."

ಅದೇ ವಾರ, ಗುರುವಾರದ ಹೊತ್ತಿಗೆ ಊಟದ ರಾಗಿ ಮುಗಿಯಿತು. ಸಂಜೆ ವೆಂಕಟಯ್ಯ ಬಂದ. ಜಗಲಿಯ ಮೇಲೆ ಕೂರಲಿಲ್ಲ.

"ಲಕ್ಷ್ಮಕ್ಕ, ಬೇಜಾರ್ ಮಾಡ್ಕಬ್ಯಾಡ. ಲೇಔಟ್ನೋರು ಬಂದಿದ್ರು, ಬರ್ಕೊಟ್ಬುಟ್ಟೆ. ಕಲ್ಲೂ ನೆಟ್ಬುಟ್ರು."

"ಒಂದ್ ಬೆಳೆ ಗಂಟ ತಡೀಬೋದಾಗಿತ್ತಲ್ಲ ವೆಂಕಟಯ್ಯ?"

"ಅವ್ರು ತಡೀಬೇಕಲ್ಲಕ್ಕ. ನೀನು ತಾರಸಿ ಮ್ಯಾಲೆ ಬಿತ್ಬುಡು," ಎಂದು ನಗಲು ನೋಡಿದ. ಅವಳು ನಗಲಿಲ್ಲ.

"ಇನ್ಯಾರ ತಾವಾದ್ರೂ ಒಸಿ ಹೊಲ ಐತಾ?"

"ನಮ್ಮ ಸಾಲ್ನಾಗೆ ನಂದೇ ಕಡೇದು."

ಅವನು ಹೋದ ಮೇಲೆ ಅವಳು ಒಳಗೆ ಬಂದು ಮೂಲೆಯ ಮಡಕೆಯ ಬಟ್ಟೆ ಬಿಚ್ಚಿದಳು.

"ಅತ್ತೆ, ಅದು ಬಿತ್ತನೇದು!" ಲತಾಮಣಿ ಗಾಬರಿಯಿಂದ ಎದ್ದಳು.

"ಮೊರ ತಕ್ಕೊಂಬಾ. ಬೂದಿ ಹೋಗಂಗೆ ಕೇರು. ಮೂರು ನೀರಲ್ಲಿ ತೊಳ್ದು, ನಾಳೆ ಬಿಸ್ಲಿಗೆ ಹಾಕಿ ಮಿಲ್ಲಿಗೆ ಕಳ್ಸು."

ಶನಿವಾರ ಮಧ್ಯಾಹ್ನವೇ ಮುದ್ದೆಯಾಯಿತು. ಮುನಿಯಪ್ಪನ ತಟ್ಟೆ ತುಂಬುವಷ್ಟು ದೊಡ್ಡದು. ಎರಡು ತುತ್ತು ನುಂಗಿ ಅವನು ಖುಷಿಯಾದ.

"ಅಂತೂ ಅಂಗ್ಡೀಗೆ ಹೋದ್ಯಲ್ಲ! ಯಾರಂಗ್ಡೀದು? ಪಸಂದಾಗೈತೆ."

"ನಮ್ದೇ."

ಅವನ ಕೈ ಸಾರಿನಲ್ಲೇ ನಿಂತಿತು. ಮೂಲೆಯತ್ತ ನೋಡಿದ, ಮತ್ತೆ ಅವಳತ್ತ ನೋಡಲಾಗಲಿಲ್ಲ.

"ಉಣ್ಣಿ," ಎಂದಳು ಚಿಕ್ಕಲಕ್ಷ್ಮಮ್ಮ. "ಇನ್ನೂ ನಾಕ್ ದಿನಕ್ಕಾಯ್ತದೆ."