ಪಕ್ಕದ ಕಂಪ್ಯೂಟರಿನ ಮುಂದೆ ಕೂತಿದ್ದವಳು

ಹೋದ ವಾರ ನಮ್ಮ ಕಚೇರಿಗೆ ಹೊಸ ಪ್ರಿಂಟರ್ ಬಂತು. ಡಬ್ಬ ಬಿಚ್ಚಿ, ಥರ್ಮಾಕೋಲ್ ತೆಗೆದು, ಮೇಲಿನ ಪ್ಲಾಸ್ಟಿಕ್ ಹಾಳೆ ಸುಲಿದಾಗ ಒಂದು ವಾಸನೆ ಬಂತು ನೋಡಿ... ಹೊಸ ಪ್ಲಾಸ್ಟಿಕ್ಕಿನದು, ಸ್ವಲ್ಪ ಬಿಸಿಯಾದ ವೈರಿನದು. ಯಾರೋ ದೇವರ ಫೋಟೋಕ್ಕೆ ಹಚ್ಚಿದ್ದ ಊದುಬತ್ತಿಯ ವಾಸನೆಯೂ ಅದರ ಜೊತೆ ಸೇರಿತು. ಉಳಿದವರೆಲ್ಲ ಯಾವ ವೈರು ಎಲ್ಲಿಗೆ ಎಂದು ತಕರಾರು ಮಾಡಿಕೊಳ್ಳುತ್ತಿದ್ದರು. ನಾನು ಮಾತ್ರ ಇಪ್ಪತ್ತು ವರ್ಷಕ್ಕೂ ಹಿಂದೆ, ಚಳ್ಳಕೆರೆಯ ಒಂದು ಮಹಡಿ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ನಿಂತಿದ್ದೆ.

ಇದೇ ವಾಸನೆಯ ಆ ಕೋಣೆಯಲ್ಲಿ ಆರು ಕಂಪ್ಯೂಟರುಗಳಿದ್ದವು. ಕಲಿಸುವವಳು ಒಬ್ಬಳೇ. ನಾವೆಲ್ಲ ಅವಳನ್ನು ಟೀಚರ್ ಅನ್ನುತ್ತಿದ್ದೆವು, ವಯಸ್ಸು ಇಪ್ಪತ್ತೆರಡೋ ಇಪ್ಪತ್ಮೂರೋ. ಪರಶುರಾಂಪುರದ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ನಾನು ಅವಳಿಗಿಂತ ಹದಿನೈದು ವರ್ಷ ದೊಡ್ಡವಳು. ಮೊಳಕಾಲ್ಮುರಿನಿಂದ ಶನಿವಾರ ಮಧ್ಯಾಹ್ನ, ಭಾನುವಾರ ಪೂರ್ತಿ ಬಂದು ಅವಳ ಮುಂದೆ ಕೈಕಟ್ಟಿ ಕೂರಬೇಕಾದದ್ದು ನನಗೆ ಒಳಗೊಳಗೇ ಉರಿ ಎಬ್ಬಿಸುತ್ತಿತ್ತು.

ಆದರೆ ಬರದೆ ಗತಿಯಿರಲಿಲ್ಲ. ನನ್ನ ಗಂಡ ಒಂದು ಸರ್ಕಾರಿ ಕಚೇರಿಯಲ್ಲಿ ಜೀಪು ಓಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಅದೇ ಕಚೇರಿಯಲ್ಲಿ ನನಗೆ ಗುಮಾಸ್ತೆಯ ಕೆಲಸ ಕೊಟ್ಟರು. ಕೊಡುವಾಗಲೇ ಒಂದು ಕೊಕ್ಕೆ ಇಟ್ಟಿದ್ದರು. ಕೆಲಸ ಖಾಯಂ ಆಗಬೇಕಾದರೆ ಕಂಪ್ಯೂಟರ್ ಪರೀಕ್ಷೆ ಪಾಸಾಗಬೇಕು, ಅದಕ್ಕೆ ಎರಡೇ ಅವಕಾಶ. ಮೊದಲನೆಯದರಲ್ಲಿ ನಾನು ಫೇಲಾಗಿದ್ದೆ. ಎರಡನೆಯದೂ ಹೋದರೆ ಇಬ್ಬರು ಮಕ್ಕಳನ್ನೂ ಅವ್ವನನ್ನೂ ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಫೇಲಾದದ್ದು ದಡ್ಡತನದಿಂದಲ್ಲ, ಸೊಕ್ಕಿನಿಂದ. ಮದುವೆಗೆ ಮುಂಚೆಯೇ ನಾನು ಟೈಪಿಂಗ್ ಸೀನಿಯರ್ ಪಾಸು ಮಾಡಿದವಳು. ಕೀಲಿಮಣೆ ನೋಡದೆ ಬೆರಳಾಡಿಸಿದರೆ ಪಕ್ಕದವರು ತಿರುಗಿ ನೋಡಬೇಕು, ಹಾಗಿತ್ತು ನನ್ನ ವೇಗ. ನಾನು ಕಲಿತ ಇನ್‌ಸ್ಟಿಟ್ಯೂಟಿನ ಮಿಷನ್ನುಗಳಲ್ಲಿ ಟ್ಯಾಬ್ ಕೀಲಿ ಮುರಿದು ಎಷ್ಟೋ ಕಾಲವಾಗಿತ್ತು. ಪಟ್ಟಿಯ ಅಂಕಿಗಳನ್ನು ಒಂದರ ಕೆಳಗೊಂದು ನೇರವಾಗಿ ಕೂರಿಸಬೇಕೆಂದರೆ ಸ್ಪೇಸ್ ಬಾರನ್ನು ಎಣಿಸಿ ಎಣಿಸಿ ಒತ್ತುವುದು, ಅಷ್ಟೇ ನಮಗೆ ಗೊತ್ತಿದ್ದದ್ದು. ಪರೀಕ್ಷೆಯಲ್ಲೂ ಹಾಗೇ ಮಾಡಿದೆ. ಪರದೆಯ ಮೇಲೆ ಎಲ್ಲ ನೇರವಾಗಿ ಕಂಡಿತು. ಪ್ರಿಂಟ್ ಬಂದಾಗ ಅಂಕಿಗಳೆಲ್ಲ ಕುಡಿದವನ ಹಾಗೆ ಅತ್ತಿತ್ತ ವಾಲಾಡುತ್ತಿದ್ದವು.

ಟೀಚರ್ ಮೊದಲ ದಿನವೇ ನನ್ನ ಹುಳುಕು ಹಿಡಿದಳು. ನಾನು ಹೆಮ್ಮೆಯಿಂದ ಟೈಪ್ ಮಾಡಿಟ್ಟ ಪಟ್ಟಿಯನ್ನು ನೋಡಿ, ಮೇಲಿನ ಒಂದು ಗುಂಡಿ ಒತ್ತಲು ಹೇಳಿದಳು. ಒತ್ತಿದೆ. ಅಕ್ಷರಗಳ ನಡುವೆ ಖಾಲಿ ಇದ್ದ ಜಾಗದಲ್ಲೆಲ್ಲ ಸಣ್ಣ ಸಣ್ಣ ಚುಕ್ಕಿಗಳು ಎದ್ದು ನಿಂತವು. ಎಷ್ಟು ಸಲ ಸ್ಪೇಸ್ ಒತ್ತಿದ್ದೆನೋ ಅಷ್ಟು ಚುಕ್ಕಿ.

"ಅಕ್ಕಾರೆ, ಒಂದು ಸಾಲಿಂದು ಎಣಿಸ್ರಿ. ಜೋರಾಗಿ."

ಕಾಲೇಜು ಹುಡುಗಿಯರ ಮುಂದೆ ನಾನು ಮೂವತ್ತೊಂದರವರೆಗೆ ಎಣಿಸಿದೆ. ಕಣ್ಣಲ್ಲಿ ನೀರು ಬಂತು. ಅವಳು ಸಮಾಧಾನ ಮಾಡಲಿಲ್ಲ. ಎಲ್ಲ ಅಳಿಸಿ, ಮೇಲಿನ ರೂಲರಿನ ಮೇಲೆ ಒಂದು ಗುರುತು ಇಟ್ಟು, ಒಂದೇ ಸಲ ಟ್ಯಾಬ್ ಒತ್ತಲು ಹೇಳಿದಳು. ಅಂಕಿ ನೇರ ಹೋಗಿ ತನ್ನ ಜಾಗದಲ್ಲಿ ಕೂತಿತು. ಫಾಂಟ್ ಬದಲಾಯಿಸಿದರೂ ಅಲ್ಲಾಡಲಿಲ್ಲ.

ಅವಳದೊಂದು ಪದ್ಧತಿ ಇತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ನಾವು ಎಷ್ಟೇ ತಡಕಾಡಿದರೂ ನಮ್ಮ ಮೌಸ್ ಮುಟ್ಟುತ್ತಿರಲಿಲ್ಲ. ನಾನು ಮಾಡಿಕೊಟ್ಟರೆ ನನಗೇ ಬರುತ್ತೆ, ನಿಮಗೆ ಬರಲ್ಲ ಅನ್ನುವುದು ಅವಳ ವಾದ. ಹೆಡಿಂಗಿಗೆ ಸ್ಟೈಲ್ ಕೊಡುವುದು, ಟೇಬಲ್ ಎರಡನೇ ಪುಟಕ್ಕೆ ಹೋದರೆ ಅದರ ತಲೆಬರಹವೂ ಜೊತೆಗೆ ಹೋಗುವಂತೆ ಮಾಡುವುದು, ಎಲ್ಲ ಹೀಗೆ ಬಾಯಿಮಾತಿನಲ್ಲೇ ಕಲಿಸಿದಳು. ನನಗೆ ಜಗ್ಗದೆ ಕಾಡಿದ್ದು ಪುಟದ ಸಂಖ್ಯೆ. ಮೊದಲ ಪುಟಕ್ಕೆ ನಂಬರು ಬೇಡ, ಎರಡನೆಯದರಿಂದ ಶುರುವಾಗಬೇಕು. ನಾನು ಏನು ಮಾಡಿದರೂ ಒಂದೋ ಎಲ್ಲದಕ್ಕೂ ಬರುತ್ತಿತ್ತು, ಇಲ್ಲವೇ ಎಲ್ಲದರಿಂದಲೂ ಹೋಗುತ್ತಿತ್ತು.

ಒಂದು ಭಾನುವಾರ ಅದನ್ನು ಏಳನೇ ಸಲ ಮಾಡಿಸಿದಾಗ ನನ್ನ ತಾಳ್ಮೆ ಕಿತ್ತುಹೋಯಿತು. ನಿಮಗೇನು, ಗಂಡ ಸತ್ತಿಲ್ಲ, ಸಾಕಬೇಕಾದ ಮಕ್ಕಳಿಲ್ಲ, ಕೈಕಟ್ಟಿಕೊಂಡು ನಿಂತರೆ ಆಯಿತು ಎಂದುಬಿಟ್ಟೆ. ಅವಳ ಮುಖ ಕೆಂಪಾಯಿತು, ಆದರೆ ಹೇಳಿದ್ದು ಇಷ್ಟೇ, ಎಂಟನೇ ಸಲ ಮಾಡಿ ಅಂತ.

ಅವತ್ತು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಬಂದು ನನ್ನ ಪಕ್ಕ ಕೂತಳು. ಕಡಲೆಕಾಯಿ ಪೊಟ್ಟಣ ಮುಂದೆ ಹಿಡಿದು, ನಗಬಾರದು ಎಂದು ಮೊದಲೇ ಮಾತು ತೆಗೆದುಕೊಂಡು, ತನ್ನ ಕತೆ ಹೇಳಿದಳು. ಕಲಿಸುವ ಅವಳ ಹತ್ತಿರವೇ ಆ ಪರೀಕ್ಷೆಯ ಸರ್ಟಿಫಿಕೇಟ್ ಇರಲಿಲ್ಲ. ಪುಸ್ತಕ ನೋಡಿಕೊಂಡು ತಾನೇ ಕಲಿತವಳು. ದೇವಸಮುದ್ರದ ಒಂದು ಕಚೇರಿಯಲ್ಲಿ ಆಪರೇಟರ್ ಕೆಲಸ ಖಾಲಿ ಇತ್ತು, ಸರ್ಟಿಫಿಕೇಟ್ ಇದ್ದರೆ ಅರ್ಜಿ ಹಾಕಬಹುದಿತ್ತು. ಅಪ್ಪ ಮಾತ್ರ ರಾಯದುರ್ಗದ ಕಡೆ ಒಂದು ಸಂಬಂಧ ನೋಡಿಟ್ಟಿದ್ದರು. ಈ ಸಲ ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ದೀಪಾವಳಿ ಕಳೆದ ಮೇಲೆ ಮದುವೆ ಎಂದು ಕಡ್ಡಿ ಮುರಿದಂತೆ ಹೇಳಿದ್ದರಂತೆ.

"ನನಗೂ ಇದೊಂದೇ ಐತೆ ಅಕ್ಕಾರೆ," ಅಂದಳು.

ನಾನು ಬೆಳಿಗ್ಗೆ ಆಡಿದ ಮಾತಿಗೆ ನಾಚಿಕೆಯಾಯಿತು. ಹಾಗೆಂದು ಬಾಯಿಬಿಟ್ಟು ಹೇಳಿದೆ ಕೂಡ. ಅವಳು ಕೈಗೆ ಇನ್ನೊಂದಿಷ್ಟು ಕಡಲೆಕಾಯಿ ಸುರಿದಳು. ಮುಂದಿನ ವಾರ ಇಬ್ಬರ ಅರ್ಜಿಯನ್ನೂ ಅವಳೇ ತುಂಬಿ ಒಂದೇ ದಿನ ಕಳಿಸಿದಳು. ಅದಕ್ಕೇ ಪರೀಕ್ಷೆಯಲ್ಲಿ ನಮ್ಮ ನಂಬರುಗಳು ಒಂದರ ಹಿಂದೆ ಒಂದು ಬಂದವು, ಕಂಪ್ಯೂಟರುಗಳೂ ಅಕ್ಕಪಕ್ಕ.

ಆ ದಿನ... ಕೈ ಬೆವರುತ್ತಿತ್ತು. ಸೆರಗಿಗೆ ಒರೆಸಿಕೊಂಡು ಒರೆಸಿಕೊಂಡು ಟೈಪ್ ಮಾಡಿದೆ. ನಾಲ್ಕು ಪುಟದ ವರದಿ, ಅದರಲ್ಲೊಂದು ಉದ್ದನೆಯ ಟೇಬಲ್. ಒಂದೂವರೆ ಗಂಟೆ. ಮೇಲ್ವಿಚಾರಕರು ದಪ್ಪ ಕನ್ನಡಕದ, ಮೆತ್ತಗೆ ನಡೆಯುವ ಮನುಷ್ಯ. ಯಾವಾಗ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರೋ ಗೊತ್ತಾಗುತ್ತಿರಲಿಲ್ಲ. ಟೇಬಲ್ ಮುಗಿಯಿತು. ತಲೆಬರಹ ಎರಡನೇ ಪುಟಕ್ಕೆ ಹೋಯಿತು. ಪುಟದ ಸಂಖ್ಯೆ ಕೂಡ ಹೇಳಿದ ಮಾತು ಕೇಳಿತು. ಹತ್ತು ನಿಮಿಷ ಇದೆ ಎಂದು ಅವರು ಕೂಗಿದಾಗ ಉಳಿದಿದ್ದದ್ದು ಇಡೀ ವರದಿಯ ಫಾಂಟ್ ಬದಲಾಯಿಸುವುದೊಂದೇ. ಎಲ್ಲವನ್ನೂ ಸೆಲೆಕ್ಟ್ ಮಾಡಿದೆ. ನಾಲ್ಕೂ ಪುಟ ಕಪ್ಪಾದವು.

ಆಗ ನನ್ನ ಹೆಬ್ಬೆರಳು, ಇಷ್ಟು ವರ್ಷ ಅನ್ನ ಹಾಕುತ್ತದೆಂದು ನಾನು ನಂಬಿದ್ದ ಹಾಳು ಹೆಬ್ಬೆರಳು, ಹಳೇ ಚಟಕ್ಕೆ ಸ್ಪೇಸ್ ಬಾರಿನ ಮೇಲೆ ಬಿತ್ತು.

ಬಿಳಿ ಪರದೆ. ಒಂದಕ್ಷರ ಇಲ್ಲ. ಹೀಗಾದರೆ ಏನು ಮಾಡಬೇಕೆಂದು ಟೀಚರ್ ಮೊದಲ ವಾರವೇ ಹೇಳಿಕೊಟ್ಟಿದ್ದಳು. ಆ ಕ್ಷಣಕ್ಕೆ ನನ್ನ ಹೆಸರೂ ನನಗೆ ನೆನಪಿರಲಿಲ್ಲ. ಮಗಳ ಮುಖ, ಅವ್ವನ ಮುಖ ಕಣ್ಣ ಮುಂದೆ ಬಂದವು. ನಾನು ಕೈಚಾಚಿ ಪಕ್ಕದವಳ ತೋಳು ಹಿಡಿದೆ. ಎಲ್ಲ ಹೋಯ್ತು, ಏನ್ಮಾಡ್ಲಿ ಅಂದೆ. ಪಿಸುಮಾತಿನಲ್ಲೇ ಅಂದೆ, ಆದರೆ ಅಂದೆ.

ಅವಳು ತನ್ನ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಕಂಟ್ರೋಲ್ ಝೆಡ್ ಒತ್ರಿ."

ನನ್ನ ಪಿಸುಮಾತು ಕೇಳದ ಮೇಲ್ವಿಚಾರಕರಿಗೆ ಅವಳ ಮಾತು ಕೇಳಿತು. ಯಾರದು ಎಂದರು. ಅವಳು ಎದ್ದು ನಿಂತು ನಾನೇ ಸರ್ ಅಂದಳು. ಅವರು ಕೆಟ್ಟವರೇನಲ್ಲ ಅನ್ನಿಸುತ್ತದೆ. ನೀನಾಗಿಯೇ ಹೇಳಿದೆಯೋ, ಅವರು ಕೇಳಿದರೋ ಎಂದು ವಿಚಾರಿಸಿದರು. ಅವಳು ಉತ್ತರ ಕೊಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಕೇಳಿದ್ರೇನಮ್ಮ?"

"ಇಲ್ಲ ಸರ್," ಅಂದೆ.

ಯೋಚಿಸಿ ಹೇಳಿದ್ದಲ್ಲ. ಆದರೆ ಹೇಳಿದ ಮೇಲೆ ತಿದ್ದಿಕೊಳ್ಳಲು ಹೊತ್ತಿತ್ತು. ಅವರು ಅವಳ ಹಾಳೆ ತೆಗೆದುಕೊಂಡರು, ಅದರ ಮೇಲೆ ಕೆಂಪು ಶಾಯಿಯಲ್ಲಿ ಪರೀಕ್ಷೆಯಿಂದ ಹೊರಹಾಕಿದೆ ಎಂದು ಬರೆದರು, ಅವಳ ಸಹಿ ಹಾಕಿಸಿಕೊಂಡರು. ಅಷ್ಟೂ ಹೊತ್ತು ನಾನು ಬಾಯಿ ಹೊಲಿದುಕೊಂಡು ಕೂತಿದ್ದೆ. ಅವಳು ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿ ಹೊರಗೆ ಹೋದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ಹೇಳುತ್ತಿದ್ದೆನೇನೋ... ಇಲ್ಲ, ಆಗಲೂ ಹೇಳುತ್ತಿರಲಿಲ್ಲ. ಅವಳು ಬಾಗಿಲು ದಾಟಿದ ಮೇಲೆ ನಾನು ಕಂಟ್ರೋಲ್ ಝೆಡ್ ಒತ್ತಿದೆ. ನಾಲ್ಕೂ ಪುಟ ವಾಪಸ್ ಬಂದವು.

ಹೊರಗೆ ಬೇವಿನ ಮರದ ಕೆಳಗೆ ಅವಳು ಕಾದಿದ್ದಳು. ಬೈಯಲಿ ಎಂದುಕೊಂಡೇ ಹತ್ತಿರ ಹೋದೆ, ಬೈದಿದ್ದರೆ ನನಗೂ ಹಗುರವಾಗುತ್ತಿತ್ತು.

"ನಂಬರು ಎರಡನೇ ಪೇಜಿಂದ ಬಂತಾ?" ಅಂತ ಕೇಳಿದಳು.

ಬಂತು ಎಂದೆ. ತಲೆಯಾಡಿಸಿದಳು. ಅವಳ ಬಸ್ಸು ಬಂತು, ಹತ್ತಿದಳು. ಆಮೇಲೆ ನಾನು ಆ ಮಹಡಿ ಹತ್ತಲಿಲ್ಲ, ಹತ್ತುವ ಮುಖ ಇರಲಿಲ್ಲ. ನಾನು ಪಾಸಾದೆ. ಕೆಲಸ ಖಾಯಂ ಆಯಿತು, ಮಕ್ಕಳು ಓದಿದರು. ದೀಪಾವಳಿ ಕಳೆದ ಮೇಲೆ ಅವಳ ಮದುವೆಯಾಯಿತೆಂದು ಯಾರಿಂದಲೋ ತಿಳಿಯಿತು. ಒಂದು ಕಾಗದ ಬರೆಯಬೇಕೆಂದು ಎಷ್ಟೋ ಸಲ ಕೂತೆ. ಬರೆಯಲಿಲ್ಲ.

ಈಗ ನಾನು ಚಳ್ಳಕೆರೆಗೇ ವರ್ಗವಾಗಿ ಬಂದಿದ್ದೇನೆ, ಸೇವೆ ಇನ್ನು ಕೆಲವೇ ತಿಂಗಳು. ಹೋದ ವರ್ಷ ಪರಶುರಾಂಪುರದ ಕಡೆಯವರೊಬ್ಬರು ಯಾವುದೋ ದಾಖಲೆ ಕೇಳಿಕೊಂಡು ಬಂದರು. ಊರು, ಮನೆ ಎಲ್ಲ ವಿಚಾರಿಸುತ್ತಾ ಹೋದರೆ ಅವಳ ತಮ್ಮ. ಅಕ್ಕ ಹೇಗಿದ್ದಾಳೆ ಎಂದು ಕೇಳಿದೆ. ತೀರಿಕೊಂಡು ನಾಲ್ಕು ವರ್ಷವಾಯಿತು, ಕಿಡ್ನಿ ಕೆಟ್ಟಿತ್ತು ಎಂದರು. ಮದುವೆಯಾದ ಮೇಲೆ ಕಂಪ್ಯೂಟರ್ ಮುಟ್ಟಲೇ ಇಲ್ಲವಂತೆ. ನಾನು ಯಾರೆಂದು ಹೇಳಿದೆ, ಅವಳ ಹತ್ತಿರ ಕಲಿತವಳು ಅಂತ. ಆ ಮನುಷ್ಯನ ಮುಖ ಅರಳಿತು.

"ಮೊಳಕಾಲ್ಮುರಿನ ಅಕ್ಕಾರು ನೀವೇ ಏನ್ರಿ? ನಮ್ಮಕ್ಕ ಎಲ್ಲರಿಗೂ ಹೇಳಿಕೊಂಡು ತಿರುಗೋಳು ರೀ, ನನ್ನ ಹತ್ರ ಕಲ್ತೋರು ಸರ್ಕಾರಿ ಪರೀಕ್ಷೆ ಪಾಸ್ ಮಾಡ್ಯಾರೆ ಅಂತ."

ಪರೀಕ್ಷೆಯಲ್ಲಿ ಏನಾಯಿತೆಂದು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತಾನು ಫೇಲಾದೆ ಎಂದಷ್ಟೇ ಹೇಳಿದ್ದಳಂತೆ. ಆ ತಮ್ಮ ನನ್ನ ಮೇಜಿನ ಮುಂದೆ ಹತ್ತು ನಿಮಿಷ ಕೂತಿದ್ದರು, ಚಹಾ ತರಿಸಿಕೊಟ್ಟೆ, ಕುಡಿದರು. ಅವರ ಕಾಗದವನ್ನು ನಾನೇ ಟೈಪ್ ಮಾಡಿ, ಒಪ್ಪವಾಗಿ ಪ್ರಿಂಟ್ ತೆಗೆದು ಕೈಗಿಟ್ಟೆ. ಹೇಳಬೇಕಾದದ್ದನ್ನು ಅವತ್ತೂ ಹೇಳಲಿಲ್ಲ. ಅವರು ಕೈಮುಗಿದು ಹೋದರು.

ಅದಕ್ಕೇ ಈಗ ಇಲ್ಲಿ ಬರೆಯುತ್ತಿದ್ದೇನೆ. ಹೌದು ಸರ್, ನಾನೇ ಕೇಳಿದೆ.