ಕೂಸು ಬೆಚ್ಚಲಿಲ್ಲ

ಮಗ ಹುಟ್ಟಿ ಇಪ್ಪತ್ತಾರು ದಿನವಾಗಿತ್ತು. ಅವನ ತೂಕ ನೋಡಿಸಲು ವಾಡಿಯ ತವರುಮನೆಯಿಂದ ಶಹಾಬಾದಿನ ಡಾಕ್ಟರ ಹತ್ತಿರ ಹೋಗಿದ್ದೆವು. ಜೊತೆಗೆ ನನ್ನ ಅವ್ವ, ಸೇಡಂನಿಂದ ರಜೆ ಹಾಕಿ ಬಂದಿದ್ದ ಗಂಡ. ತೂಕ ಚೆನ್ನಾಗಿ ಏರಿತ್ತು. ಆ ಖುಷಿಯಲ್ಲಿ ಗಂಡ, ಊಟ ಇಲ್ಲೇ ಮುಗಿಸೋಣ ಎಂದರು.

"ಬಾಣಂತಿ ಖಾನಾವಳ್ಯಾಗ ಉಣ್ತಾಳೇನ್ರಿ ಅಳಿಯಂದ್ರ?" ಅವ್ವ ಗೊಣಗಿದಳು. ಆದರೂ ಒಳಗೆ ಬಂದು, ರೊಟ್ಟಿ ಬಡಿಯುತ್ತಿದ್ದ ಹೆಂಗಸಿಗೆ "ನನ್ನ ಮಗಳಿಗಿ ಬಿಸಿ ರೊಟ್ಟಿ ಕೊಡ್ರಿ" ಎಂದು ಹೇಳಿಯೇ ಕುಳಿತಳು.

ಮೊದಲ ತುತ್ತು ಮುರಿದಿದ್ದೆ ಅಷ್ಟೆ. ನನ್ನ ಬೆನ್ನ ಹಿಂದೆಯೇ ಯಾರದೋ ಕೈಯಿಂದ ಸ್ಟೀಲ್ ತಾಟುಗಳ ರಾಶಿ ಜಾರಿ ಬಂಡೆಗಲ್ಲಿನ ನೆಲಕ್ಕೆ ಬಿತ್ತು. ಅವ್ವ "ಯವ್ವಾ!" ಎಂದು ಎದ್ದುನಿಂತಳು. ಪಕ್ಕದ ಟೇಬಲ್ಲಿನ ಹುಡುಗಿ ಅಳತೊಡಗಿದಳು. ನನ್ನ ತೊಡೆಯ ಮೇಲಿನ ಕೂಸಿನ ರೆಪ್ಪೆ ಕೂಡ ಅಲುಗಲಿಲ್ಲ.

"ಭಾಳ ಗಟ್ಟಿ ಅದಾನ ನೋಡು" ಎಂದು ಗಂಡ ನಕ್ಕರು.

ನನಗೆ ನಗು ಬರಲಿಲ್ಲ. ತವರುಮನೆ ರೈಲು ಹಳಿಗೆ ಹತ್ತಿರ. ಎಂಜಿನ್ ಸೀಟಿ ಹೊಡೆದರೆ ನಾವೇ ಮಾತು ನಿಲ್ಲಿಸುತ್ತೇವೆ. ಕೂಸು ಒಮ್ಮೆಯಾದರೂ ಬೆಚ್ಚಿದ್ದು ನೆನಪಾಗಲಿಲ್ಲ. ಎಷ್ಟು ಗದ್ದಲವಾದರೂ ಮಲಗುವ ಗುಣವಂತ ಕೂಸು ಎಂದು ಬಂದವರೆಲ್ಲ ಹೊಗಳುತ್ತಿದ್ದರು. ನಾನೂ ಹಿಗ್ಗಿದ್ದೆ.

"ಇವನಿಗಿ ಕೇಳಸಲ್ಲೇನೋರಿ" ಎಂದೆ.

"ಹುಚ್ಚಿ ಅದೀ ಏನು? ಮಕ್ಕೊಂಡಾನ ಅವ" ಎಂದಳು ಅವ್ವ. ನಾನು ಚಪ್ಪಾಳೆ ತಟ್ಟಿದೆ. ಅವನ ಕಿವಿಯ ಹತ್ತಿರ ಚಮಚದಿಂದ ಲೋಟ ಬಡಿದೆ. ಜನ ತಿರುಗಿ ನೋಡಿದರು. ಹಿಟ್ಟಿನ ಕೈಯಲ್ಲೇ ಎದ್ದುಬಂದ ರೊಟ್ಟಿಯ ಹೆಂಗಸು "ಎಬ್ಬಸಬ್ಯಾಡ್ರಿ ಯವ್ವಾ, ಎದ್ದ ಮ್ಯಾಲ ನೋಡ್ರಿ" ಎಂದಳು. ಅವಳ ದನಿಯ ಮೆದುತನ ಕೇಳಿ ಚಮಚ ಕೆಳಗಿಟ್ಟೆ. ತಾಟು ಹಾಗೇ ಬಿಟ್ಟು, ಕೂಸನ್ನು ಎತ್ತಿಕೊಂಡು ಮತ್ತೆ ಡಾಕ್ಟರ ಹತ್ತಿರ ನಡೆದೆ.

"ಗಾಢ ನಿದ್ದ್ಯಾಗ ಕೆಲವು ಕೂಸು ಬೆಚ್ಚಲ್ಲರಿ. ನಿಮ್ಮ ಸಮಾಧಾನಕ್ಕ ಕಲಬುರಗ್ಯಾಗ ಒಮ್ಮೆ ಕಿವಿ ಪರೀಕ್ಷೆ ಮಾಡಸ್ರಿ" ಎಂದರು ಅವರು. ಪರೀಕ್ಷೆ ಎಂಬ ಮಾತೊಂದೇ ನನ್ನ ತಲೆಯಲ್ಲಿ ಉಳಿಯಿತು.

ಪರೀಕ್ಷೆಗೆ ಮೂರು ದಿನ ಕಾಯಬೇಕಾಯಿತು. ಅವನು ಎಚ್ಚರವಿದ್ದಾಗಲೆಲ್ಲ ತೊಟ್ಟಿಲ ಹಿಂದೆ ನಿಂತು ಕರೆದೆ. ಅವನು ಸೂರು ನೋಡುತ್ತಾ ಕಾಲು ಆಡಿಸುತ್ತಿದ್ದ. ಅಷ್ಟು ಸಣ್ಣ ಕೂಸು ಕರೆದ ಕಡೆ ತಿರುಗುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಸುರಿಯಿದ್ದಾಗ ನುಂಗಿದ ಒಂದೊಂದು ಗುಳಿಗೆಯನ್ನೂ ನೆನಪಿಸಿಕೊಂಡು ನನ್ನನ್ನೇ ಬೈದುಕೊಂಡೆ.

ಕಲಬುರಗಿಯಲ್ಲಿ ಪರೀಕ್ಷೆ ಮಾಡುವ ಹೆಣ್ಣುಮಗಳು ಅವನ ಕಿವಿಗೆ ಸಣ್ಣ ಬಿರಡೆಯಂಥದ್ದನ್ನು ಇಟ್ಟಳು. ಎಡಗಿವಿ ಮುಗಿಯಿತು. ಬಲಗಿವಿಗೆ ಇಟ್ಟವಳು ತೆಗೆದಳು, ಒರೆಸಿದಳು, ಮತ್ತೆ ಇಟ್ಟಳು. ನಾನು ಗಂಡನ ಮುಂಗೈ ಹಿಡಿದೆ. ಅದು ತಣ್ಣಗಿತ್ತು.

"ಎರಡೂ ಕಿವಿ ಛಲೋ ಅದಾವ್ರಿ" ಎಂದಳು.

ಹೊರಗೆ ಬಂದು ಎದುರಿನ ಹೋಟೆಲ್ಲಿನಲ್ಲಿ ಕುಳಿತೆವು. ಗಂಡ ಅನ್ನ ಸಾರು ಕಲಸಿದರು, ಕಲಸುತ್ತಲೇ ಇದ್ದರು.

"ಅವತ್ತು ನಾನೂ ನೋಡಿದ್ದೆ, ಅವ ಅಲುಗಾಡಲಿಲ್ಲ ಅಂತ. ನೀ ಅಂಜತಿ ಅಂತ ನಕ್ಕೆ. ಮೂರು ದಿನದಿಂದ ನನಗ ಊಟ ಹೋಗಿಲ್ಲ" ಎಂದು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಭುಜ ಅದುರುತ್ತಿದ್ದವು.

ಬಡಿಸುವವನು ಗಾಬರಿಯಿಂದ ಬಂದ. "ಖಾರ ಆಯ್ತೇನ್ರಿ ಸಾಹೇಬ್ರಿಗಿ?"

"ಹೌದ್ರಿ, ಸ್ವಲ್ಪ ನೀರು ತರ್ರಿ" ಎಂದೆ.