ಮಗ್ಗುಲು ತಿರುಗಿಸುವ ಅನ್ನಕ್ಕ

ಬೆಟ್ಟದಪುರದ ಬೆಟ್ಟಕ್ಕೆ ಕವಿದ ಮಂಜು ಇನ್ನೂ ಕರಗಿಲ್ಲ. ಕೆಳಗಿನ ಕೇರಿಯ ಹಂಚಿನ ಮನೆಯೊಂದರ ನಡುಮನೆಯಲ್ಲಿ ದೊಡ್ಡಬೀರಯ್ಯ ಎಡಮಗ್ಗುಲಾಗಿ ಮಲಗಿದ್ದಾರೆ. ಅವರ ಬೆನ್ನು ಮುಗಿಯುವ ಕಡೆ ಅಂಗೈಯಗಲದ ಹುಣ್ಣು. ಪಕ್ಕದಲ್ಲಿ ಮಂಡಿಯೂರಿ ಕುಳಿತ ಬಿಳಿಗೂದಲಿನ ಹೆಂಗಸು, ಕಾಯಿಸಿ ಆರಿಸಿದ ಉಪ್ಪುನೀರನ್ನು ಹುಣ್ಣಿನ ಮೇಲೆ ನಿಧಾನವಾಗಿ ಹನಿಸುತ್ತಿದ್ದಾರೆ. ಮನೆಯವರು ವಾಸನೆಗೆ ಹೊಸಿಲಾಚೆ ನಿಂತಿದ್ದಾರೆ. ಇವರು ಮಾತ್ರ ಇನ್ನಷ್ಟು ಬಗ್ಗುತ್ತಾರೆ.

"ನೋಯ್ತದಾ ಬೀರಯ್ಯನೋರೇ?"

"ನೋವೆಲ್ಲಿ ತಾಯಿ? ಸೊಂಟದಿಂದ ಕೆಳಕ್ಕೆ ನಂದು ಅನ್ನೋದೇ ಏನೂ ಇಲ್ವಲ್ಲ."

"ಇಲ್ದೇ ಎಲ್ಲೋದಾತು? ಇಲ್ಲೇ ಐತೆ. ಹೋದ್ ವಾರ ಕಪ್ಪಗಿತ್ತು, ಈಗ ಕೆಂಪಗಾಗೈತೆ. ಮಾಯ್ತಾ ಐತೆ ಕಣ್ರೀ."

ಹಳೇ ಮೈಸೂರಿನ ಈ ಅಚ್ಚ ಹಳ್ಳಿ ಮಾತನ್ನು ಆಡುತ್ತಿರುವವರು ನೆದರ್ಲೆಂಡ್ಸ್ ದೇಶದವರು. ಪಾಸ್‌ಪೋರ್ಟಿನಲ್ಲಿರುವ ಹೆಸರು ಆನ್ನೆಕೆ. ಆ ಹೆಸರು ಇಲ್ಲಿನವರ ನಾಲಿಗೆಯಲ್ಲಿ ತಿರುಗದೆ ಬಹಳ ಹಿಂದೆಯೇ ಅನ್ನಕ್ಕ ಎಂದಾಗಿದೆ. ವಯಸ್ಸು ಅರವತ್ತು ದಾಟಿದೆ. ಹುಣಸೂರಿನ ಬಾಡಿಗೆ ಮನೆಯಿಂದ ಬೆಳಕು ಹರಿಯುವ ಮೊದಲೇ ಹಳೆಯ ಓಮ್ನಿ ಹತ್ತಿದರೆ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಹಳ್ಳಿಗಳಲ್ಲಿ ದಿನಕ್ಕೆ ಐದಾರು ಮನೆ ಸುತ್ತುತ್ತಾರೆ. ಬೆನ್ನುಹುರಿಗೆ ಪೆಟ್ಟುಬಿದ್ದು ಹಾಸಿಗೆ ಹಿಡಿದವರ ಹುಣ್ಣು ತೊಳೆಯುವುದು, ಮೂತ್ರದ ನಳಿಕೆ ಬದಲಿಸುವುದು, ಮತ್ತೆ ಹುಣ್ಣಾಗದಂತೆ ಮಗ್ಗುಲು ತಿರುಗಿಸುವುದು ಹೇಗೆಂದು ಮನೆಯವರಿಗೆ ಕಲಿಸುವುದು ಅವರ ಕೆಲಸ.

ಈ ಸೀಮೆಯಲ್ಲಿ ಇಂಥ ಮನೆಗಳಿಗೆ ಕೊರತೆಯಿಲ್ಲ. ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆಯಾದ ಬ್ಯಾರನ್ನಿನೊಳಗೆ, ಮೇಲಿನ ಎರಡು ಗಳುಗಳ ಮೇಲೆ ಕಾಲು ಅಗಲಿಸಿ ನಿಂತು, ಸೊಪ್ಪು ಕಟ್ಟಿದ ಕಡ್ಡಿಗಳನ್ನು ಸಾಲಾಗಿ ತೂಗುಹಾಕಬೇಕು. ಕಾಲು ಜಾರಿದರೆ ಮುಗಿಯಿತು. ತೆಂಗಿನ ಮರದಿಂದ ಬಿದ್ದವರಿದ್ದಾರೆ, ರಸ್ತೆಯಲ್ಲಿ ಬಿದ್ದವರಿದ್ದಾರೆ. ದೊಡ್ಡಬೀರಯ್ಯ ಬಿದ್ದದ್ದು ಬ್ಯಾರನ್ನಿನ ಮೇಲಿಂದ.

ಇಪ್ಪತ್ತು ವರ್ಷಗಳ ಹಿಂದೆ ಬಿದ್ದ ಕೆಂಪಯ್ಯ ಎಂಬ ರೈತನಿಂದಲೇ ಅನ್ನಕ್ಕ ಇಲ್ಲಿ ಉಳಿದದ್ದು. ಆಗ ಅವರು ಆರು ತಿಂಗಳ ಮಟ್ಟಿಗೆ ಎಚ್.ಡಿ. ಕೋಟೆ ಕಡೆಯ ಸಣ್ಣ ಆಸ್ಪತ್ರೆಯೊಂದಕ್ಕೆ ಬಂದಿದ್ದ ನರ್ಸು. ಇನ್ನು ಮಾಡುವುದೇನೂ ಇಲ್ಲವೆಂದು ಕೆಂಪಯ್ಯನನ್ನು ಮನೆಗೆ ಕಳುಹಿಸಿದ ಮೇಲೆ, ಮನಸ್ಸು ತಡೆಯದೆ ಅವನ ಊರು ಹುಡುಕಿಕೊಂಡು ಹೋದರು. ಕೆಂಪಯ್ಯನ ತಾಯಿ ಒಳಗೆ ಬಿಡಲಿಲ್ಲ. ಪರದೇಶದವಳು ಜಾತಿ ಕೆಡಿಸಲು ಬಂದಿದ್ದಾಳೆ ಎಂಬ ಮಾತು ಅಷ್ಟರಲ್ಲಿ ಊರಲ್ಲೆಲ್ಲ ಹಬ್ಬಿತ್ತು. ಬೆತ್ತಲೆ ಮಲಗಿದ ಮಗನ ಮೈಯನ್ನು ಅವಳು ಮುಟ್ಟುವುದಂತೂ ಆಗದ ಮಾತು.

ಮುಂದಿನದನ್ನು ಹೇಳುವವರು ಮಲ್ಲಾಜಮ್ಮ, ಕೆಂಪಯ್ಯನ ಹೆಂಡತಿ. ಅಂದಿನಿಂದ ಇಂದಿನವರೆಗೂ ಅನ್ನಕ್ಕನ ಜೊತೆಗಾತಿ.

"ನಮ್ಮತ್ತೆ ಬಾಗ್ಲಾಕುದ್ರು. ನಾನು ಹಿತ್ಲಿಂದ ಓಡೋಗಿ ಹೊಲದ್ ತಾವ ಇವ್ರಿಗೆ ಅಡ್ಡ ಹಾಕ್ದೆ. ನೀವು ಬರೋದ್ ಬ್ಯಾಡ, ಹೆಂಗೆ ಅಂತ ನಂಗೆ ತೋರ್ಸಿ ಅಂತ ಕೈಸನ್ನೇಲಿ ಅಂದೆ. ಇವ್ರಿಗೆ ಕನ್ನಡ ಬರಾಕಿಲ್ಲ, ನಂಗೆ ಇವ್ರ ಮಾತು ಬರಾಕಿಲ್ಲ. ಉತ್ತಿದ ನೆಲದ್ ಮ್ಯಾಲೆ ತಾವೇ ಮಲ್ಗುಬುಟ್ರು ಕಣ್ರೀ, ಹೆಣದಂಗೆ. ನನ್ ಕೈ ಹಿಡ್ಕಂಡು ಹೆಗಲ್ ಮ್ಯಾಲೊಂದು ಮಡಿಕಂಡ್ರು, ಸೊಂಟದ್ ಮ್ಯಾಲೊಂದು. ಹೂಂ, ಹೊರಳ್ಸು ಅಂದಂಗೆ ತಲೆ ಆಡ್ಸುದ್ರು."

ಅಂದಿನಿಂದ ಅವರು ಹಗಲೂ ಇರುಳೂ ಗಂಡನ ಮಗ್ಗುಲು ತಿರುಗಿಸಿದರು. ಆದರೆ ಹುಣ್ಣು ಆಗಲೇ ಮೂಳೆ ಮುಟ್ಟಿತ್ತು. ಆ ಬೇಸಿಗೆ ಮುಗಿಯುವುದರೊಳಗೆ ಕೆಂಪಯ್ಯ ತೀರಿಕೊಂಡ. "ಬೆನ್ನು ಮುರುದು ಸಾಯ್ನಿಲ್ಲ ಅವ್ರು. ಬೆನ್ ಮ್ಯಾಲಿನ ಹುಣ್ಣಿಗೆ ಸತ್ರು," ಎನ್ನುತ್ತಾರೆ ಮಲ್ಲಾಜಮ್ಮ. "ಆದ್ರೆ ಕಡೇ ದಿನ ವಾಸ್ನೆ ಇರ್ನಿಲ್ಲ. ನಮ್ಮತ್ತೆ ಮಗನ್ನ ಮಡ್ಲಲ್ಲಿ ಮಲುಗುಸ್ಕಂಡಿದ್ರು."

ತಿಥಿ ಮುಗಿಸಿದ ಮಲ್ಲಾಜಮ್ಮ ಬಸ್ಸು ಹತ್ತಿ ಆಸ್ಪತ್ರೆಗೆ ಬಂದರು. ಮಗ್ಗುಲ ಊರಲ್ಲೊಬ್ಬ ಹೀಗೆಯೇ ಮಲಗಿದ್ದಾನೆ, ಹೋಗೋಣ ಬನ್ನಿ ಎಂದರು. ಅನ್ನಕ್ಕ ತಮ್ಮ ದೇಶಕ್ಕೆ ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದ ವಾರವದು. ಹೋಗಿ, ಅಲ್ಲಿನ ಕೆಲಸ ಬಿಟ್ಟು, ಚಳಿಗಾಲಕ್ಕೆ ಮುನ್ನ ತಿರುಗಿ ಬಂದರು.

ಬದುಕು ಸಲೀಸಾಗಿರಲಿಲ್ಲ. ಬಾಡಿಗೆ ಮನೆ ಸಿಗದೆ ಮಲ್ಲಾಜಮ್ಮನ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಒಂದು ಮಳೆಗಾಲ ಕಳೆದಿದ್ದಾರೆ. ಈಗಲೂ ವೀಸಾ ಮುಗಿಯುತ್ತ ಬಂದಾಗಲೆಲ್ಲ ಅವರಿಗೆ ನಿದ್ದೆ ಬರುವುದಿಲ್ಲ. ಆದರೆ ಕಷ್ಟದ ಮಾತೆತ್ತಿದರೆ ಅವರು ಹೇಳುವುದು ಇದಾವುದನ್ನೂ ಅಲ್ಲ.

ಎಂಟು ವರ್ಷಗಳ ಹಿಂದೆ ನೆದರ್ಲೆಂಡ್ಸ್‌ನಲ್ಲಿದ್ದ ಅವರ ತಾಯಿಗೆ ಪಾರ್ಶ್ವವಾಯು ಬಡಿಯಿತು. ಕೆ.ಆರ್. ನಗರದ ಹತ್ತಿರದ ಹಳ್ಳಿಯೊಂದರಲ್ಲಿ ರೋಗಿಯೊಬ್ಬರಿಗೆ ನಂಜೇರಿ, ಇವತ್ತೋ ನಾಳೆಯೋ ಎನ್ನುವಂತಿದ್ದ ಹೊತ್ತು. ಆ ರೋಗಿ ಚೇತರಿಸಿಕೊಳ್ಳುವವರೆಗೆ ಕಾದು ಅನ್ನಕ್ಕ ವಿಮಾನ ಹತ್ತಿದರು. ಅಷ್ಟರಲ್ಲಿ ತಾಯಿಗೆ ಮಗಳ ಗುರುತೇ ಉಳಿದಿರಲಿಲ್ಲ.

"ಅಮ್ಮನ್ನ ನೋಡ್ಕಳ್ತಿದ್ದೋಳು ಮೊರಾಕೊ ದೇಶದಿಂದ ಬಂದೋಳು. ಅಮ್ಮ ಅವಳ್ನ ಕಂಡ್ರೆ ನಗೋರು, ನನ್ನ ಯಾರು ಅಂತ ಕೇಳೋರು. ಮೊದ್ಲು ಹೊಟ್ಟೆಕಿಚ್ಚಾಯ್ತು," ಎಂದು ಅನ್ನಕ್ಕ ಕೈಯೊರೆಸಿಕೊಳ್ಳುತ್ತಾರೆ. "ಒಂದಿನ ಅವ್ಳು ಅಮ್ಮನ್ನ ಹೊರಳ್ಸೋದು ನೋಡ್ತಾ ನಿಂತಿದ್ದೆ. ಕೈಯಿ ಹೆಗಲ್ ಮ್ಯಾಲೊಂದು, ಸೊಂಟದ್ ಮ್ಯಾಲೊಂದು. ಎಷ್ಟ್ ಮೆತ್ತಗೆ! ನಮ್ಮಮ್ಮನ್ನ ಯಾರೋ ಹೆತ್ತ ಮಗಳು ನೋಡ್ಕಂಡ್ಳು. ನಾನು ಇಲ್ಲಿ ಇನ್ಯಾರ್ದೋ ಅಪ್ಪನ್ನ ನೋಡ್ಕಳ್ತೀನಿ. ಅಷ್ಟೇಯ."

ಅವರ ತಮ್ಮನಿಗೆ ಮಾತ್ರ ಅದು ಅಷ್ಟಕ್ಕೇ ಮುಗಿಯಲಿಲ್ಲ. ಊರವರ ಬೆನ್ನೆಲ್ಲ ನೋಡಿದವಳು ಹೆತ್ತವಳ ಮುಖ ನೋಡಲು ಹೊತ್ತಿಗೆ ಬರಲಿಲ್ಲ ಎಂದ ಅವರು ಇಂದಿಗೂ ಅಕ್ಕನ ಜೊತೆ ಮಾತಾಡುವುದಿಲ್ಲ. "ಅವ್ನು ಹೇಳೋದೂ ದಿಟಾನೇ," ಎಂದಷ್ಟೇ ಹೇಳಿ ಅನ್ನಕ್ಕ ಓಮ್ನಿಯ ಬಾಗಿಲು ಎಳೆಯುತ್ತಾರೆ.

ಬಿಸಿಲೇರುವ ಹೊತ್ತಿಗೆ ಗಾಡಿ ಹನಗೋಡಿಗೆ ಬರುತ್ತದೆ. ಇಲ್ಲಿರುವವಳು ಸಿಂಧು, ಇಪ್ಪತ್ತನಾಲ್ಕರ ಪ್ರಾಯದವಳು. ಎರಡು ವರ್ಷದ ಹಿಂದೆ ನಾಟಿ ಕೆಲಸಕ್ಕೆ ಹೆಂಗಸರನ್ನು ಹೇರಿಕೊಂಡು ಹೊರಟಿದ್ದ ಗೂಡ್ಸ್ ಆಟೋ ಮಗುಚಿ ಅವಳ ಬೆನ್ನು ಮುರಿಯಿತು. ಆಸ್ಪತ್ರೆಗೆ ಬಂದುಹೋದ ಗಂಡ ಮತ್ತೆ ಇತ್ತ ಸುಳಿದಿಲ್ಲ. ಈಗವಳು ಅಣ್ಣನ ಮನೆಯಲ್ಲಿದ್ದಾಳೆ. ಅಣ್ಣ ವಸಂತ್ ಗಾರೆ ಕೆಲಸದವರು.

ಅನ್ನಕ್ಕ ಮೊದಲ ಸಲ ಬಂದಾಗ ಸಿಂಧುವಿನ ತುಟಿ ಒಡೆದು ರಕ್ತ ಜಿನುಗುತ್ತಿತ್ತು. ಊಟ, ನೀರು ಬಿಟ್ಟಿದ್ದಾಳೆ, ಸಾಯುವ ಹಟ ಮಾಡಿದ್ದಾಳೆ ಎಂದು ಮನೆಯವರು ಕಣ್ಣೀರಿಟ್ಟರು. ಅನ್ನಕ್ಕ ಎಲ್ಲರನ್ನೂ ಹೊರಗೆ ಕಳಿಸಿ ಪಕ್ಕದಲ್ಲಿ ಕುಳಿತರು. ಆಗ ಸಿಂಧು ಬಾಯಿಬಿಟ್ಟಳು. "ಉಂಡ್ರೆ, ನೀರ್ ಕುಡುದ್ರೆ, ಮತ್ತೆ ಯಾರಾದ್ರೂ ಎತ್ಬೇಕಲ್ಲಕ್ಕ. ತೊಳೀಬೇಕಲ್ಲ. ಅತ್ತಿಗೆ ಮುಖ ನೋಡಕ್ಕಾಗಲ್ಲ ನಂಗೆ."

ಅವಳಿಗೆ ಸಾಯುವ ಆಸೆಯಿರಲಿಲ್ಲ, ನಾಚಿಕೆಯಿತ್ತು. ಅಂದಿನಿಂದ ಅನ್ನಕ್ಕ ಅವಳ ತೋಳಿಗೆ ಬಲ ಬರಿಸುವ ಕೆಲಸ ಹಿಡಿದರು. ಗೋಡೆಗೆ ಹಗ್ಗ ಕಟ್ಟಿ ಎಳೆಸಿದರು, ಅಂಗೈ ಊರಿ ಸೊಂಟ ಎತ್ತಲು ಕಲಿಸಿದರು. ಗಾಲಿಕುರ್ಚಿಯೂ ಬಂತು. ಆದರೆ ಅದು ಬಚ್ಚಲ ಬಾಗಿಲಲ್ಲಿ ತೂರಲಿಲ್ಲ.

"ನಲವತ್ತು ಮನೆ ಕಟ್ಟಿವ್ನಿ ಸಾರ್," ಎನ್ನುತ್ತಾರೆ ವಸಂತ್. "ದೇವರ್ ಮನೆ ಬಾಗ್ಲು ಇಷ್ಟಿರ್ಲಿ, ತಲೆಬಾಗ್ಲು ಅಷ್ಟಿರ್ಲಿ ಅಂತ ಎಲ್ಲಾರೂ ಹೇಳ್ತಾರೆ. ಬಚ್ಚಲ್ ಬಾಗ್ಲು ಯಾರೂ ಕೇಳಲ್ಲ."

ಹೋದ ವಾರ ಅವರೇ ಆ ಗೋಡೆ ಒಡೆದಿದ್ದಾರೆ. ಬಾಗಿಲು ಅಗಲ ಮಾಡಿ, ಒಳಗೆ ಕುರ್ಚಿಯ ಎತ್ತರಕ್ಕೆ ಸರಿಯಾಗಿ ಸಿಮೆಂಟಿನ ಕಟ್ಟೆ ಕಟ್ಟಿ, ಹಿಡಿದುಕೊಳ್ಳಲು ಕಬ್ಬಿಣದ ಸರಳು ನೆಟ್ಟಿದ್ದಾರೆ. ಗಾರೆ ಒಣಗಿದೆ.

"ನಮ್ಮ ಓದುಗರಿಗೆ ಏನು ಹೇಳುತ್ತೀರಿ?" ಎಂದರೆ ಅನ್ನಕ್ಕ ನಗುತ್ತಾರೆ. "ನನ್ ಸುದ್ದಿ ಯಾಕೆ? ಮನೆ ಕಟ್ಟೋವಾಗ ಬಚ್ಚಲ್ ಬಾಗ್ಲು ಅಗಲ ಮಡಗಿ ಅಂತ ಬರೀರಿ."

ಹಂಡೆಯ ನೀರು ಕಾದಿದೆ. ಸಿಂಧು ತಾನೇ ಗಾಲಿ ತಳ್ಳಿಕೊಂಡು ಒಳಗೆ ಹೋಗುತ್ತಾಳೆ. ಬಾಗಿಲು ಮುಚ್ಚುತ್ತದೆ. ಸರಳು ಹಿಡಿದ ಬಳೆಯ ಸದ್ದು, ಏದುಸಿರು, ಆಮೇಲೆ ಏನೂ ಇಲ್ಲ. ಅತ್ತಿಗೆ ಗಾಬರಿಯಿಂದ ಎದ್ದು ನಿಲ್ಲುತ್ತಾರೆ. ಮಲ್ಲಾಜಮ್ಮ ಬಾಗಿಲಿನತ್ತ ಕೈ ಚಾಚುತ್ತಾರೆ. ಅನ್ನಕ್ಕ ಆ ಕೈ ಹಿಡಿದು ಮೆಲ್ಲಗೆ ಹೇಳುತ್ತಾರೆ:

"ಬುಡಿ. ಅವ್ಳೇ ಉಯ್ಕಳ್ಳಿ."

ಒಳಗೆ ಮೊದಲ ಚೊಂಬು ನೀರು ಬೀಳುತ್ತದೆ.